ಮಾವನ ಊಟದ ಹೊತ್ತು

ನಮ್ಮ ಮಾವ ಯಾವಾಗ ಉಣ್ಣಬೇಕು ಅನ್ನುವುದನ್ನು ಊರವರ ಹೊಟ್ಟೆ ತೀರ್ಮಾನಿಸುತ್ತಿತ್ತು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ನಾವೂ ಬಹಳ ವರ್ಷ ನಕ್ಕಿದ್ದೇವೆ!

ಮಾವ ಎಂದರೆ ನಮ್ಮ ಅವ್ವನ ತಮ್ಮ. ಮುಂಬಯಿಯಲ್ಲಿ ಸರ್ಜರಿ ಓದಿ, ಹೊಟ್ಟೆ ಕರುಳಿನ ಕಾಯಿಲೆಗಳನ್ನೇ ಹಿಡಿದು ಕೂತು, ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜು ಶುರುವಾದ ಹೊಸದರಲ್ಲಿ ಪ್ರೊಫೆಸರಾಗಿ ಬಂದವನು. ಹೊಟ್ಟೆ ಕೊಯ್ದ ಮೇಲೆ ಕರುಳು ಮಂಕು ಹಿಡಿದು ಮಲಗಿಬಿಡುತ್ತದಂತೆ. ಅದು ಎದ್ದಿತು ಎನ್ನುವುದಕ್ಕೆ ಗುರುತು, ರೋಗಿಗೆ ಕೆಳಗಿನಿಂದ ಗಾಳಿ ಹೋಗಬೇಕು. ಅಲ್ಲಿಯವರೆಗೆ ಗುಟುಕು ನೀರೂ ಇಲ್ಲ. ಇದು ಎಲ್ಲ ಸರ್ಜನ್ನರಿಗೂ ಗೊತ್ತಿರುವ ಮಾತೇ. ಆದರೆ ರೋಗಿಯ ಜೊತೆ ತಾನೂ ಉಪವಾಸ ಕೂರುವ ಸರ್ಜನ್ನನ್ನು ಎಲ್ಲಾದರೂ ಕಂಡಿದ್ದೀರಾ?

ಕೆ.ಬಿ. ಬಡಾವಣೆಯ ಮನೆಯಲ್ಲಿ ಅತ್ತೆ ಒಲೆ ಹಚ್ಚುವ ಮೊದಲು ಕೇಳುತ್ತಿದ್ದಳು:

"ಇವತ್ತು ಯಾರ್ದು ಬಾಕಿ ಐತ್ರಿ?"

"ಗಿರಣಿಯವಂದು. ನಿಟ್ಟುವಳ್ಳಿ ಮುದುಕೀದು ಆತು."

"ಹಂಗಾರೆ ಅರ್ಧ ರೊಟ್ಟಿ ಬಡೀಲೇನು?"

ರೋಗಿ ಉಳಿಯದ ದಿನ ಮಾತ್ರ ಅತ್ತೆ ಏನೂ ಕೇಳದೆ ಅನ್ನವನ್ನು ಆಕಳಿಗೆ ಹಾಕುತ್ತಿದ್ದಳು. ಆ ಕಾಲದಲ್ಲಿ ಆಕಳು ಸಾಕಷ್ಟು ದಪ್ಪಗಿತ್ತು ಎನ್ನುವುದನ್ನೂ ಹೇಳಿಬಿಡಬೇಕು.

ವಿದ್ಯಾರ್ಥಿಗಳಿಗೆ ಪಾಠವೂ ಇದೇ. ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ಗಡಿಯಾರ ನೋಡಿಕೊಂಡು ಐದು ನಿಮಿಷ ಕೇಳಬೇಕು. ಎರಡೇ ನಿಮಿಷಕ್ಕೆ "ಸದ್ದಿಲ್ಲ ಸರ್" ಎಂದವನಿಗೆ, "ಅಷ್ಟು ಅವಸರ ಇದ್ರೆ ಬಸ್‌ಸ್ಟ್ಯಾಂಡಿಗೆ ಹೋಗಪ್ಪ!"

ಹರಿಹರದಲ್ಲಿ ನನ್ನ ಅಕ್ಕನ ಮದುವೆ. ಮಾವ ಎಲೆಯ ಮುಂದೆ ಕೈಕಟ್ಟಿ ಕೂತಿದ್ದಾನೆ. ಹುಡುಗಿಯ ಸೋದರಮಾವ ಮುನಿಸಿಕೊಂಡನೇ ಎಂದು ಬೀಗರಿಗೆ ಗಾಬರಿ. ಅವರು ಕೈಮುಗಿದದ್ದೇ ಮುಗಿದದ್ದು! ಅಷ್ಟರಲ್ಲಿ ದಾವಣಗೆರೆಯಿಂದ ಸೈಕಲ್ ತುಳಿದುಕೊಂಡು ಬಂದ ಅವನ ಶಿಷ್ಯನೊಬ್ಬ ಚಪ್ಪರದ ಬಾಗಿಲಲ್ಲೇ ಕೂಗಿದ:

"ಹೋತ್ರಿ ಸರ್!"

"ಜೋರಾಗೇನೋ?"

"ವಾರ್ಡಿಗೆಲ್ಲ ಕೇಳಂಗೆ ಸರ್!"

"ಹೋಳಿಗೆ ಬರ್ಲಿ," ಅಂದ ಮಾವ. ಪಕ್ಕದ ಎಲೆಯ ಬೀಗರು ಮಾತ್ರ ಆಮೇಲೆ ಸರಿಯಾಗಿ ಉಣ್ಣಲಿಲ್ಲ.

ಮರುವರ್ಷ ಅವ್ವ ಹೊಟ್ಟೆನೋವನ್ನು ಯಾರಿಗೂ ಹೇಳದೆ ಐದು ದಿನ ತಡೆದುಕೊಂಡಳು. ದಾವಣಗೆರೆಗೆ ಒಯ್ಯುವಷ್ಟರಲ್ಲಿ ಕರುಳು ತಿರುಚಿಕೊಂಡು ಕಪ್ಪಾಗಿತ್ತು. ತಮ್ಮನೇ ಕೊಯ್ದ, ಕೆಟ್ಟದ್ದನ್ನು ತೆಗೆದು ಹೊಲಿದ. ಒಂದು ದಿನ ಕಳೆಯಿತು, ಎರಡಾಯಿತು, ಮೂರಾಯಿತು. ಅವ್ವನಿಗೆ ನೀರಿಲ್ಲ, ಮಾವನಿಗೆ ಅನ್ನವಿಲ್ಲ. ಸ್ಟೂಲಿನಿಂದ ಏಳುವಾಗ ಅವನು ಮಂಚದ ಕಂಬಿ ಹಿಡಿದುಕೊಳ್ಳುತ್ತಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಅವ್ವ ಅವನ ಮುಖವನ್ನೇ ನೋಡುತ್ತ ಮಲಗಿದ್ದವಳು, "ಹೋತಪ್ಪ, ಈಗಷ್ಟೆ. ಇನ್ನ ನೀನು ಉಣ್ಣು," ಅಂದಳು.

ಮಾವ ಸ್ಟೆತಾಸ್ಕೋಪ್ ಇಟ್ಟ. ಐದು ನಿಮಿಷವಾಯಿತು. ಹತ್ತಾಯಿತು. ಅವ್ವನ ಹೊಟ್ಟೆ ಮೊದಲಿನಂತೆಯೇ ಉಬ್ಬಿ ಬಿಗಿದಿದ್ದುದು ನನಗೇ ಕಾಣುತ್ತಿತ್ತು. ಅವನು ಕಿವಿಯಿಂದ ನಳಿಕೆ ತೆಗೆದು, "ಹೌದಕ್ಕ," ಅಂದ.

ನಾನು ತಂದಿದ್ದ ಡಬ್ಬಿ ಬಿಚ್ಚಿ ಅವಳ ಕಣ್ಣೆದುರೇ ರೊಟ್ಟಿ ಮುರಿದ.

"ಸಾವಕಾಶ ಅಗದು ತಿನ್ನೋ," ಅಂದಳು ಅವ್ವ. "ಹೊಟ್ಟೆ ಕೆಡ್ತೈತೆ."

ಹೊಟ್ಟೆ ಡಾಕ್ಟರಿಗೆ!

ಅವ್ವ ಇದ್ದದ್ದು ಆ ಸಂಜೆಯವರೆಗೆ. ಆದರೆ ಆ ಬೆಳಿಗ್ಗೆ ಮಾವ "ಹೂಂ ಅಕ್ಕ" ಅನ್ನುತ್ತ, ಒಂದೊಂದು ತುತ್ತನ್ನೂ ಸಾವಕಾಶವಾಗಿ ಅಗಿದು, ಇಡೀ ರೊಟ್ಟಿ ತಿಂದ.