ತಕ್ಕಡಿ ಏರಿದ ಕುಬಸದ ಬುತ್ತಿ

ದೆಹಲಿಗೆ ಹೋಗುವ ಬೆಳಗಿನ ವಿಮಾನದ ಎಡರೆಕ್ಕೆಯ ಕೊನೆಯಲ್ಲಿ ಆಕಾಶಕ್ಕೆ ಮುಖ ಮಾಡಿ ನಿಂತಿರುವ ಶ್ರೀಮಾನ್ ರೆಕ್ಕೆತುದಿಯವರ ಸನ್ನಿಧಿಗೆ,

ಮಾನ್ಯರೇ,

ಛತ್ರಪತಿ ಸಂಭಾಜಿನಗರದಿಂದ ಭಾಲ್ಕಿ ಕಡೆಯ ವೈಜನಾಥ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳನ್ನು ತಾವು ಮೇಲಿನಿಂದಲೇ ಸ್ವೀಕರಿಸಬೇಕು. ಇಪ್ಪತ್ತೆರಡು ವರ್ಷಗಳಿಂದ ನಾನು ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತೂಕಕ್ಕಿಟ್ಟು, ಹತ್ತು ಗ್ರಾಂ ಹೆಚ್ಚಾದರೂ ಪಕ್ಕಕ್ಕೆ ಎಸೆಯುವ ಕೆಲಸ ಮಾಡುತ್ತ ಬಂದವನಾದ್ದರಿಂದ, ಭಾರದ ವಿಷಯದಲ್ಲಿ ತಮಗೆ ನಾಲ್ಕು ಮಾತು ಬರೆಯುವಷ್ಟು ಯೋಗ್ಯತೆ ನನಗಿದೆ ಎಂದುಕೊಂಡಿದ್ದೇನೆ.

ತಮ್ಮ ಕೀರ್ತಿ ನನ್ನನ್ನು ಮೊದಲು ತಲುಪಿದ್ದು ಟಿಕೆಟಿನ ಹಿಂದೆಯೇ ಮೊಬೈಲಿಗೆ ಬಂದ ವಿಮಾನ ಕಂಪನಿಯ ಸಂದೇಶದಿಂದ. ರೆಕ್ಕೆಯ ಕೆಳಗಿನ ಗಾಳಿ ತುದಿಯಲ್ಲಿ ಮೇಲಕ್ಕೆ ಹೊರಳಿ, ಸುಳಿಯಾಗಿ ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆಂದೂ, ತಾವು ಅಲ್ಲಿ ಎದ್ದುನಿಂತು ಆ ಸುಳಿಯ ಸೊಕ್ಕು ಇಳಿಸುವುದರಿಂದ ನೂರು ಲೀಟರ್ ಇಂಧನ ಬೇಕಾದಲ್ಲಿ ತೊಂಬತ್ತಾರೇ ಸಾಕಾಗುತ್ತದೆಂದೂ, ಈ ಉಳಿತಾಯದ ಲಾಭವೆಲ್ಲ ಪ್ರಯಾಣಿಕರಿಗೇ ಸಲ್ಲುತ್ತದೆಂದೂ ಅದರಲ್ಲಿತ್ತು. ಇದನ್ನು ನನ್ನ ಹೆಂಡತಿ ಮಲ್ಲಮ್ಮನಿಗೆ ರೊಟ್ಟಿಯ ಹಿಟ್ಟು ನಾದುವ ಪರಾತ ತೋರಿಸಿ ವಿವರಿಸಿದೆ. ಅಂಚು ಮೇಲೆದ್ದಿದ್ದರೆ ಹಿಟ್ಟು ಹೊರಗೆ ಚೆಲ್ಲುವುದಿಲ್ಲ, ಹಾಗೆ. ಅಲ್ಲಿಗೇ ಬಾಯಿ ಮುಚ್ಚಿದ್ದರೆ ಈ ಪತ್ರವೇ ಬೇಕಿರಲಿಲ್ಲ. ತಿಳಿದವನೆಂಬ ಜಂಬದಲ್ಲಿ, "ಹೊಸಾ ರೆಕ್ಕಿ ಬಂದಾವ, ಭಾರಕ್ಕ ಅಂಜಬ್ಯಾಡ, ಮನಸ್ಸಿಗೆ ಬಂದಷ್ಟು ಕಟ್ಟು" ಎಂದುಬಿಟ್ಟೆ.

ಕಟ್ಟಬೇಕಾಗಿದ್ದು ಬುತ್ತಿ. ದೆಹಲಿಯಲ್ಲಿರುವ ನಮ್ಮ ಬಸುರಿ ಮಗಳು ಪ್ರಿಯಾಳಿಗೆ ಏಳು ತಿಂಗಳಾಗಿ, ಡಾಕ್ಟರು ಪ್ರಯಾಣ ಬೇಡವೆಂದಿದ್ದರಿಂದ ಸೀಮಂತದ ಕುಬಸವನ್ನು ಅಲ್ಲಿಯೇ ಮಾಡುವುದೆಂದು ಗೊತ್ತಾಗಿತ್ತು. ನಮ್ಮ ಮನೆತನದಲ್ಲಿ ಕುಬಸದ ಬುತ್ತಿಗೆ ಎರಡು ಕಟ್ಟಳೆಗಳಿವೆ. ಅದನ್ನು ತಕ್ಕಡಿಗೆ ಏರಿಸಬಾರದು, ತವರಿನ ಪ್ರೀತಿ ತೂಗಿ ಕೊಟ್ಟಂತಾಗುತ್ತದೆ. ತಾಯಿ ಹಾಕಿದ ಗಂಟನ್ನು ಮಗಳೇ ಬಿಚ್ಚಬೇಕು, ನಡುದಾರಿಯಲ್ಲಿ ಬಿಚ್ಚಿದರೆ ಅದು ದಾರಿಹೋಕರ ಊಟವೇ ಹೊರತು ತವರಿನದಲ್ಲ. ಹೀಗಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ತೂಗುವ ನಾನು ಅದೊಂದನ್ನು ತೂಗಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ, ಅಂಟಿನ ಉಂಡೆ, ನಾಶಿಕದಿಂದ ಮಲ್ಲಮ್ಮನ ಅಕ್ಕ ಭುವನೇಶ್ವರಿ ಬಸ್ಸಿಗೆ ಹಾಕಿ ಕಳುಹಿಸಿದ ಒಣದ್ರಾಕ್ಷಿ ಮತ್ತು ಚಿವಡಾ, ಎಲ್ಲವೂ ಒಂದೇ ಹಸಿರು ಬಟ್ಟೆಯ ಗಂಟಾಗಿ ಚೀಲದೊಳಗೆ ಕುಳಿತವು.

ವಿಮಾನ ನಿಲ್ದಾಣದಲ್ಲಿ ಮೊದಲ ಕಟ್ಟಳೆ ಎರಡು ನಿಮಿಷದಲ್ಲಿ ಮುರಿಯಿತು. ಹದಿನೆಂಟು ಕಿಲೋ ಇನ್ನೂರು ಗ್ರಾಂ. ಒಬ್ಬರಿಗೆ ಒಂದೇ ಚೀಲ, ಹದಿನೈದೇ ಕಿಲೋ, ಒಬ್ಬರದು ಇನ್ನೊಬ್ಬರಿಗೆ ಸಲ್ಲದು; ನನ್ನ ಚೀಲವೂ ನಮ್ಮ ಕೈಚೀಲಗಳೂ ಆಗಲೇ ಮಿತಿ ಮುಟ್ಟಿದ್ದವು. ಕೌಂಟರಿನಲ್ಲಿದ್ದ ಮಧುರಾ ಎಂಬ ಹುಡುಗಿ ಬಹಳ ಒಳ್ಳೆಯವಳು, ನನ್ನನ್ನು ಕಾಕಾ ಎಂದೇ ಕರೆದಳು, ಆದರೆ ಈ ದಿನ ಹಣ ಕಟ್ಟಿದರೂ ಹೆಚ್ಚಿನ ಭಾರ ಒಯ್ಯುವಂತಿಲ್ಲ, ಒಂದೊಂದು ಕಿಲೋಗೂ ಇಂಧನ ಸುಡುತ್ತದೆ ಎಂದಳು. ಹಾಗಾದರೆ ಎಪ್ಪತ್ತನಾಲ್ಕು ಕಿಲೋ ತೂಗುವ ನಾನು ಇಳಿದುಬಿಡುತ್ತೇನೆ, ನನ್ನ ಬದಲು ಮೂರು ಕಿಲೋ ರೊಟ್ಟಿ ಹತ್ತಲಿ, ಉಳಿದ ಎಪ್ಪತ್ತೊಂದನ್ನು ಕಂಪನಿಗೆ ಕಾಣಿಕೆ ಕೊಡುತ್ತೇನೆ ಎಂದು ಕೈಮುಗಿದೆ. ಆಗುವುದಿಲ್ಲವಂತೆ, ಮನುಷ್ಯನ ಭಾರ ಪುಕ್ಕಟೆಯಂತೆ. ಎಂಥ ಉದಾರ ವ್ಯವಸ್ಥೆ ಮಾನ್ಯರೇ! ತಿಂದು ಹೊಟ್ಟೆಯಲ್ಲಿಟ್ಟುಕೊಂಡರೆ ಹಾರಬಹುದಾದ ರೊಟ್ಟಿ ಗಂಟಿನಲ್ಲಿದ್ದರೆ ಹಾರಲಾರದು.

ಹಿಂದೆ ಸಾಲು ಬೆಳೆಯುತ್ತಿತ್ತು. ಮಲ್ಲಮ್ಮ ನನ್ನ ಮುಖ ನೋಡಿ, "ಭಾರಕ್ಕ ಅಂಜಬ್ಯಾಡ ಅಂದಿದ್ರಲ್ರೀ" ಎಂದು ಒಂದೇ ಮಾತು ಹೇಳಿ, ಅಲ್ಲೇ ನೆಲದ ಮೇಲೆ ಕುಳಿತು ತಾನೇ ಕಟ್ಟಿದ ಗಂಟನ್ನು ತಾನೇ ಬಿಚ್ಚಿದಳು. ತೆಗೆದ ರೊಟ್ಟಿ, ಹೋಳಿಗೆಗಳನ್ನು ಅಲ್ಲಿ ಕಸ ಗುಡಿಸುತ್ತಿದ್ದ ಸುಮನ ಎಂಬಾಕೆಯ ಕೈಗೆ ಕೊಟ್ಟಾಗ, ಆಕೆ ಇದು ಮಗಳ ಮನೆಗೆ ಹೊರಟಿದ್ದೆಂದು ತಿಳಿದು ಕಣ್ಣಿಗೊತ್ತಿಕೊಂಡಳು. ಮತ್ತೆ ಗಂಟು ಹಾಕಲು ಮಲ್ಲಮ್ಮನಿಂದ ಆಗಲಿಲ್ಲ. ನಾನು ಹಾಕಿದೆ, ಕಾರ್ಖಾನೆಯಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿಯುವ ಹಾಗೆ. ನನಗೆ ಬಹಳ ನಾಚಿಕೆಯಾಯಿತು.

ನಂತರ ಕಿಟಕಿಯಿಂದ ತಮ್ಮ ದರ್ಶನವಾಯಿತು. ಏನು ಠೀವಿ, ಏನು ತೇಜಸ್ಸು! ನಮ್ಮ ಹಿಂದೆ ಎರಡು ಸಾಲು ಸೀಟು ಪೂರ್ತಿ ಖಾಲಿಯಿದ್ದವು. ಅಷ್ಟೊಂದು ಶೂನ್ಯವನ್ನು ಹೊತ್ತು ಸಾಗಲು ತಮಗೆ ಇಂಧನ ಸಾಕಾಗಿದ್ದು ಕಂಡು ಕೈಮುಗಿದೆ. ಅಂದಹಾಗೆ, ನಮ್ಮ ಟಿಕೆಟಿನಲ್ಲಿ ಇಂಧನದ ಹೆಚ್ಚುವರಿ ಶುಲ್ಕವೆಂಬುದೂ ಇತ್ತು. ತಾವು ಉಳಿಸಿದ ನಾಲ್ಕು ಲೀಟರ್ ಪ್ರಯಾಣಿಕರಿಗೆ ತಲುಪುವ ಮುನ್ನ ಯಾವ ಸುಳಿಯಲ್ಲಿ ಸಿಕ್ಕಿತೋ, ಅಲ್ಲಿಗೂ ತಮ್ಮಂಥವರೊಬ್ಬರನ್ನು ನೇಮಿಸಲು ಸಾಧ್ಯವೇ? ಕಂಪನಿಯ ಕಚೇರಿಯ ಎರಡೂ ತುದಿಗಳಲ್ಲಿ ಒಬ್ಬೊಬ್ಬರು ನೆಟ್ಟಗೆ ನಿಂತರೆ ಸಾಕು, ಲಾಭ ಮೇಲಕ್ಕೇ ಹೊರಳಿ ಹೋಗುವುದು ತಪ್ಪೀತು.

ಕುಬಸದ ದಿನ ಪ್ರಿಯಾ ಹಸಿರು ಸೀರೆಯುಟ್ಟು ಬುತ್ತಿಯ ಮುಂದೆ ಕುಳಿತಳು. ಗಂಟಿಗೆ ಕೈ ಹಚ್ಚಿದವಳು ಅಲ್ಲೇ ತಡೆದಳು. ತಾಯಿಯ ಗಂಟು ಯಾವುದು, ಅಪ್ಪನದು ಯಾವುದು ಎಂದು ಯಾವ ಮಗಳಿಗೆ ತಿಳಿಯದು? "ಅವ್ವಾ, ಇದನ್ನ ಯಾರು ಬಿಚ್ಚ್ಯಾರ?" ಎಂದು ಕೇಳಿದಳು. ಬೀಗರೆಲ್ಲ ಕುಳಿತಿದ್ದರು. ನಾನು ತಲೆ ತಗ್ಗಿಸಿದೆ. ನನ್ನ ಮೂವತ್ತು ವರ್ಷದ ಸಂಸಾರದಲ್ಲಿ ಒಂದು ಸುಳ್ಳನ್ನೂ ಆಡದ ಮಲ್ಲಮ್ಮ, "ಯಾರೂ ಇಲ್ಲವ್ವಾ, ಮ್ಯಾಲ ಗಾಳಿ ಭಾಳ ಇತ್ತು, ತಾನ ಬಿಚ್ಚಿಕೊಂತು" ಎಂದಳು. ಮಗಳು ನನ್ನ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು, ಮತ್ತೇನೂ ಕೇಳದೆ ಗಂಟು ಬಿಚ್ಚಿ ಮೊದಲ ತುತ್ತನ್ನು ತಾಯಿಯ ಬಾಯಿಗಿಟ್ಟಳು.

ಗಾಳಿಯನ್ನೇ ಹದ್ದುಬಸ್ತಿನಲ್ಲಿಟ್ಟವರು ತಾವು ಎಂದು ಗೊತ್ತಿದ್ದೂ ನನ್ನ ಹೆಂಡತಿ ತಮ್ಮ ಹೆಸರಿಗೆ ಕಳಂಕ ತಂದಿದ್ದಾಳೆ, ಅದೂ ನನ್ನ ಮಾನ ಉಳಿಸುವುದಕ್ಕಾಗಿ. ಆ ಅಪವಾದವನ್ನು ತಾವು ದಯವಿಟ್ಟು ಹೊತ್ತುಕೊಳ್ಳಬೇಕು. ಅದಕ್ಕೆ ತೂಕವಿಲ್ಲ.

ಒಂದು ಕಿಟಕಿಯ ಅಂತರದಿಂದ,
ತಮ್ಮ ವಿಶ್ವಾಸಿ
ವೈಜನಾಥ

ತಾ.ಕ.: ತೊಟ್ಟಿಲ ಶಾಸ್ತ್ರಕ್ಕೆ ಮಗಳು ಕೂಸಿನೊಂದಿಗೆ ತಮ್ಮ ವಿಮಾನದಲ್ಲೇ ಇಲ್ಲಿಗೆ ಬರಲಿದ್ದಾಳೆ. ಕೂಸು ಮೂರು ಕಿಲೋ ದಾಟಬಹುದೆಂದು ಡಾಕ್ಟರು ಹೇಳಿದ್ದಾರೆ. ಅದರಲ್ಲಿ ಏನಾದರೂ ತೆಗೆಯಬೇಕಿದ್ದರೆ ಮಲ್ಲಮ್ಮನಿಗೆ ತಾವೇ ಬಂದು ಹೇಳಬೇಕು; ಇನ್ನೊಮ್ಮೆ ತಮ್ಮ ಪರವಾಗಿ ಮಾತಾಡುವಷ್ಟು ಧೈರ್ಯ ನನಗಿಲ್ಲ.