ಮೂರು ಸ್ಟಾರಿನ ಬಸ್ಸಾರು

ಹನ್ನೊಂದು ವರ್ಷದ ಮಗಳು, ಎಪ್ಪತ್ತು ದಾಟಿದ ಅತ್ತೆ, ಇಬ್ಬರ ನಡುವೆ ಒಂದೇ ಅಡುಗೆಮನೆ. ಇಷ್ಟಿದ್ದರೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ.

ನಮ್ಮದು ಬಂಗಾರಪೇಟೆ ಹತ್ತಿರದ ಹಳ್ಳಿ. ಮನೆಯಲ್ಲಿ ಎರಡು ಸೀಮೆಹಸು, ನನಗೆ ರಾಬರ್ಟ್‌ಸನ್‌ಪೇಟೆಯಲ್ಲೊಂದು ಆಫೀಸು ಕೆಲಸ. ಈ ಬೇಸಿಗೆ ರಜದಲ್ಲಿ ಮಗಳು ನನ್ನ ಹಳೇ ಫೋನಿಗೆ ಒಂದು ಗೇಮು ಹಾಕಿಕೊಂಡಳು. ಮಕ್ಕಳಿಗೆ ಪುಕ್ಕಟೆಯಾಗಿ ಅಡುಗೆ ಕಲಿಸುವ ಗೇಮಂತೆ. ಹೆಚ್ಚುವುದು, ಬೇಯಿಸುವುದು, ಬಡಿಸುವುದು ಎಲ್ಲ ಒಂದೇ ಬೆರಳಿನಲ್ಲಿ.

ಅತ್ತೆ ಮೊದಲ ದಿನವೇ ತೀರ್ಪು ಕೊಟ್ಟರು. "ರಜ ಮುಗಿಯೋದ್ರೊಳ್ಗೆ ಒಂದೊತ್ತಿನ ಅಡ್ಗೆ ಮಾಡಿ ನಂಗೆ ಇಕ್ಕು. ನಾನು ಎಲ್ಡ್ನೇ ಮುದ್ದೆ ಕೇಳಿದ್ರೆ ಆಟ ಇರ್ಲಿ. ಕೇಳ್ಲಿಲ್ಲಾಂದ್ರೆ ತೆಗ್ದಾಕು."

ಮಗಳು ಒಪ್ಪಿಕೊಂಡಳು. ನನಗೆ ಗೇಮಿನ ಮೇಲೂ ಅನುಮಾನ, ಅತ್ತೆಯ ಮೇಲೂ ಅನುಮಾನ. ಅವರು ಎರಡನೇ ಮುದ್ದೆ ಕೇಳಿದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ಒಂದು ದಿನವೂ ಕಂಡಿಲ್ಲ.

೧. ಕಿವಿ ಇರುವ ಆಟ

ಆಫೀಸಿನಲ್ಲಿ ನನ್ನ ಪಕ್ಕ ಕೂರುವಾಕೆ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯವಳು, ಮನೆಮಾತು ತಮಿಳು. ವಿಷಯ ಕೇಳಿದ್ದೇ ಹುಬ್ಬೇರಿಸಿದಳು.

"ದುಡ್ಡಿಲ್ದೆ ಕಲಿಸ್ತಾರಾ? ಸುಮ್ಮಾ ಯಾರು ಕೊಡ್ತಾರೆ ಅಕ್ಕಾ! ಮೈಕ್ ಆನ್ ಮಾಡಿಸ್ಕೊಂಡು ಮನೇಲಿ ಆಡಿದ ಮಾತೆಲ್ಲ ಕೇಳಿಸ್ಕೋತಾವೆ."

ಸಂಜೆ ಹೋಗಿ ನೋಡಿದರೆ, ಗೇಮು ನಿಜವಾಗಿಯೂ ಮೈಕಿಗೆ ಅನುಮತಿ ಕೇಳಿತ್ತು. ಮಗಳು ಕೊಟ್ಟೂ ಆಗಿತ್ತು. ಅದನ್ನು ಆಫ್ ಮಾಡಿ, ಯಾಕೆಂದು ಅತ್ತೆಗೂ ವಿವರಿಸಿದೆ. ಅದೇ ತಪ್ಪಾಯಿತು. ಮರುದಿನದಿಂದ ಅವರು ಮಸಾಲೆಗೆ ಕೈ ಹಾಕುವ ಮೊದಲು ಫೋನಿನ ಮೇಲೆ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಗುಂಡುಕಲ್ಲು ಇಡತೊಡಗಿದರು.

"ಮೈಕ್ ಆಫ್ ಮಾಡಿದೀನಿ ಅತ್ತೆ. ಕೇಳಿಸ್ಕೊಂಡ್ರೂ ಏನು ಹೋಗುತ್ತೆ?"

"ಸಾರಿನ ಪುಡಿ ಅಳತೆ ಅದ್ನೆಂಟು ವರ್ಸದಿಂದ ನಿಂಗೇ ಏಳಿಲ್ಲ. ಅದ್ಕೆ ಏಳ್ತೀನಾ?"

೨. ಅಳಿಸದ ಈರುಳ್ಳಿ

ಒಂದು ದಿನ ಮಗಳು ನಿಜವಾದ ಈರುಳ್ಳಿ ಹೆಚ್ಚಲು ಕೂತಳು. ಅರ್ಧಕ್ಕೇ ಎದ್ದು, ಕಣ್ಣು ಮೂಗು ಎರಡೂ ಸುರಿಸಿಕೊಂಡು ಬಂದಳು.

"ಅಮ್ಮಾ, ಈ ಈರುಳ್ಳಿ ಕೆಟ್ಟೋಗಿದೆ. ಯಾವ ಅಂಗಡೀಲಿ ತಂದೆ?"

"ಚೆನ್ನಾಗೇ ಇದೆಯಲ್ಲೇ."

"ಇಲ್ಲ. ಗೇಮಲ್ಲಿ ನಾನ್ನೂರು ಹೆಚ್ಚಿದೀನಿ, ಒಂದ್ಸಲಾನೂ ಹಿಂಗಾಗಿಲ್ಲ."

ಹಿತ್ತಿಲಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ನಾನ್ನೂರು ಕುಯ್ದ್ರೂ ಕಣ್ಣಾಗೆ ನೀರು ಬರ್ಲಿಲ್ವಾ? ಅಂಗಾದ್ರೆ ಆ ಫೋನ್‌ನೋನು ನಿಂಗೆ ಮೂಲಂಗಿ ಕೊಟ್ಟವ್ನೆ ಕಣೇ!"

೩. ಮೋರಿಗೆ ಹೋದ ಸಾರು

ಆಮೇಲೆ ಬಸ್ಸಾರಿನ ಸರದಿ. ನಾನು ಸೊಪ್ಪು, ಕಾಳು ಬೇಯಲು ಇಟ್ಟು, "ಬೆಂದ ಮೇಲೆ ಬಸಿದಿಡು" ಎಂದು ಹೇಳಿ ಹಾಲಿನ ಡೈರಿಗೆ ಹೋದೆ. ಬರುವಷ್ಟರಲ್ಲಿ ಬಸಿದಿದ್ದಳು, ಚೆನ್ನಾಗಿಯೇ ಬಸಿದಿದ್ದಳು. ಸೊಪ್ಪು ಕಾಳು ಬುಟ್ಟಿಯಲ್ಲಿ ಭದ್ರವಾಗಿದ್ದವು. ಮಸಾಲೆ ಬೆರೆಸಿದರೆ ಸಾರಾಗಬೇಕಾಗಿದ್ದ ಆ ಕಟ್ಟು ಮಾತ್ರ ಹಿತ್ತಿಲ ಮೋರಿಯಲ್ಲಿ ಹಬೆಯಾಡುತ್ತಾ ಹರಿಯುತ್ತಿತ್ತು.

ಅತ್ತೆ ತಲೆಯ ಮೇಲೆ ಕೈ ಹೊತ್ತರು. "ಅಯ್ಯೋ, ಸಾರೇ ಮೋರಿಗೆ ಓಯ್ತಲ್ಲೇ!"

"ಗೇಮಲ್ಲಿ ಶಾವಿಗೆ ಥರದ್ದು ಒಂದು ಬೇಯಿಸ್ತಾರಜ್ಜಿ. ಅದ್ರ ನೀರು ಚೆಲ್ಲಿದ್ದಕ್ಕೆ ನಂಗೆ ಮೂರು ಸ್ಟಾರ್ ಕೊಟ್ರು."

"ಬಾ, ಕೂತ್ಕೋ. ಇವತ್ತು ಆ ಮೂರು ಸ್ಟಾರ್‌ನಾಗೇ ಅದ್ದ್ಕೊಂಡು ಮುದ್ದೆ ನುಂಗು."

೪. ಎರಡನೇ ಮುದ್ದೆ

ರಜದ ಕೊನೇ ಭಾನುವಾರಕ್ಕೆ ಪರೀಕ್ಷೆ ನಿಗದಿಯಾಯಿತು. ಮುದ್ದೆ, ಸೊಪ್ಪಿನ ಸಾರು. ಅತ್ತೆ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಮಣೆ ಹಾಕಿಕೊಂಡು ಕೂತರು, ಮೊಮ್ಮಗಳನ್ನು ನೋಡುವುದಕ್ಕಲ್ಲ, ನನ್ನನ್ನು ತಡೆಯುವುದಕ್ಕೆ. "ನೀನು ಒಳಕ್ಕೆ ಓಗ್ಬೇಡ. ಮಗಳು ಅಂತ ಕೈ ಆಕ್ಬಿಡ್ತೀಯ."

ನಮ್ಮ ಮನೆಯಲ್ಲಿ ಊಟ ಹನ್ನೆರಡೂವರೆಗೆ. ಒಂದು ಗಂಟೆಗೆ ಕೋಲಿನಲ್ಲಿ ಮುದ್ದೆ ತಿರುವುವ ಸದ್ದು ಕೇಳಿಸಿತು, ನಿಂತಿತು. ಒಂದೂವರೆಯಾಯಿತು. "ಆಯ್ತೇನೇ?" ಎಂದರು ಅತ್ತೆ. "ಐದು ನಿಮಿಷ ಅಜ್ಜಿ." ಎರಡಕ್ಕೂ ಐದು ನಿಮಿಷ, ಎರಡೂವರೆಗೂ ಐದು ನಿಮಿಷ. ಅತ್ತೆ ಎದ್ದು ಮಣೆಯನ್ನೇ ನಡುಮನೆಗೆ ಒಯ್ದು ಗೋಡೆಗೆ ಒರಗಿ ಕೂತರು. ಬೈಯುವ ಶಕ್ತಿಯೂ ಉಳಿದಿರಲಿಲ್ಲ.

ಮೂರಕ್ಕೆ ತಟ್ಟೆ ಬಂತು. ನನ್ನ ಮುದ್ದೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು, ಸಾರಿನಲ್ಲಿ ಉಪ್ಪಿನ ಸುಳಿವಿಲ್ಲ. ಸೋತಳು, ಅಂದುಕೊಂಡೆ. ಅಷ್ಟರಲ್ಲಿ ಅತ್ತೆ ತಟ್ಟೆ ಮುಂದೆ ಚಾಚಿದರು.

"ಇನ್ನೊಂದು ಇಕ್ಕು."

ಅದನ್ನೂ ನುಂಗಿ, "ಇರ್ಲಿ ಬಿಡು ಆ ಆಟ" ಅಂದರು. ನಿಜ ಹೇಳಬೇಕೆಂದರೆ ನಾನೂ ಎರಡು ತಿಂದಿದ್ದೆ. ಆದರೂ ಅನುಮಾನ ಬಿಡಲಿಲ್ಲ. ಮಗಳನ್ನು ಒಲೆಯ ಹತ್ತಿರ ಹಿಡಿದು ನಿಲ್ಲಿಸಿದೆ.

"ಒಂದು ಗಂಟೆಗೇ ಮುದ್ದೆ ಕಟ್ಟಾಗಿತ್ತಲ್ಲ? ಎಲ್ಲಿಟ್ಟಿದ್ದೆ?"

"ಹಾಟ್‌ಬಾಕ್ಸಲ್ಲಿ."

"ಮತ್ತೆ ಯಾಕೆ ಬಡಿಸ್ಲಿಲ್ಲ?"

ಅವಳು ದನಿ ತಗ್ಗಿಸಿದಳು. "ರುಚಿ ನೋಡ್ದೆ. ಚೆನ್ನಾಗಿರ್ಲಿಲ್ಲ. ಗೇಮಲ್ಲಾದ್ರೆ ಲೇಟ್ ಮಾಡಿದ್ರೆ ಗಿರಾಕಿ ಎದ್ದು ಹೋಗ್ಬಿಡ್ತಾರಮ್ಮ. ಅಜ್ಜಿ ಎಲ್ಲಿಗೆ ಹೋಗ್ತಾರೆ? ಅದ್ಕೇ ಚೆನ್ನಾಗಿ ಹಸಿವಾಗ್ಲಿ ಅಂತ ಕಾದೆ."

ಬೈಯಲು ಬಾಯಿ ತೆರೆದೆ. ಬೆನ್ನ ಹಿಂದೆ ಅತ್ತೆ, ತೊಳೆದ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ಬಯ್ಬೇಡಮ್ಮ, ಇವ್ಳಿಗೆ ಅಡ್ಗೆ ಬಂತು," ಎಂದರು. "ನಿಮ್ಮಾವ ಸಾಯೋಗಂಟ ನನ್ ಕೈ ಊಟಾನ ಒಗಳಿದ್ದೇ ಒಗಳಿದ್ದು. ಅವ್ರು ಒಲದಿಂದ ಬಂದು ಕಾಲು ತೊಳ್ಕೊಂಡ್ ಮೇಲೇ ನಾನು ಒಲೆ ಅಚ್ತಾ ಇದ್ದಿದ್ದು!"