ನಲವತ್ತಮೂರನೆಯ ಮಗ್ಗ

"ಪರಪ್ಪಾ, ನಿನ್ನ ತಲಿ ಸ್ವಲ್ಪ ಈ ಕಡೆ ತಾ!"

ಮುರಿಗೆಪ್ಪ ಮಾಸ್ತರ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಹೀಗೆಂದಾಗಲೇ ನಾನು ಎದ್ದು ಓಡಬೇಕಿತ್ತು. ಓಡಲಿಲ್ಲ. ಮೂವತ್ತೆಂಟು ವರ್ಷ ಗುಳೇದಗುಡ್ಡದಲ್ಲಿ ಟಪಾಲು ಹಂಚಿದವನು ನಾನು, ನಾಯಿಗಳಿಗೂ ಹೆದರಿದವನಲ್ಲ. ಅದೂ ಅಲ್ಲದೆ ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಓಡಿದರೂ ಎಷ್ಟು ದೂರ ಓಡಿಯೇನು?

ಮುರಿಗೆಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಕಲಿಸುವಷ್ಟು ದಿನ ಮಕ್ಕಳು ಕಷ್ಟಪಟ್ಟರು, ನಿವೃತ್ತನಾದ ಮೇಲೆ ಓಣಿಯವರ ಸರದಿ ಬಂತು. ಹೋದ ವರ್ಷ ರೊಟ್ಟಿ ಬಡಿಯುವ ಯಂತ್ರ ಮಾಡಿದ್ದ. ಅದು ಬಡಿದ ಮೊದಲ ರೊಟ್ಟಿ ಇವತ್ತಿಗೂ ನಮ್ಮ ಮಾಳಿಗೆಯ ಮೇಲೆ ಎಲ್ಲೋ ಇದೆ.

ಈ ಸಲದ್ದು ಗಾದ್ರೇಜ್ ಬೀರುವಿನಷ್ಟು ಎತ್ತರದ ಪೆಟ್ಟಿಗೆ. ಒಂದು ಪರದೆ, ನೆತ್ತಿಯ ಮೇಲೆ ಕ್ಯಾಮೆರಾ, ಸುತ್ತ ಎಂಟು ಸ್ಪೀಕರುಗಳು.

"ಏನಿದು?"

"ಸದ್ದು ಹುಟ್ಟಿಸೋ ಯಂತ್ರ! ಈಗಿನ ವಿಡಿಯೊ ಗೇಮಿನಾಗ, ಕಾರ್ಟೂನಿನಾಗ ಚಿತ್ರ ಖರೇ ಇದ್ದಂಗ ಇರ್ತೈತಿ, ಸದ್ದು ಮಾತ್ರ ಖೊಟ್ಟಿ. ಎಲ್ಲೋ ರೆಕಾರ್ಡ್ ಮಾಡಿದ್ದು ತಂದು ಅಂಟಿಸ್ತಾರ. ಹತ್ತು ಗಡಿಗಿ ಒಡೆದ್ರ ಹತ್ತಕ್ಕೂ ಒಂದ ಸದ್ದು! ನನ್ನ ಯಂತ್ರ ಹಂಗಲ್ಲ. ಗಡಿಗಿ ಎಷ್ಟು ದಪ್ಪ, ಎಷ್ಟು ಎತ್ತರದಿಂದ ಬಿತ್ತು, ಕೆಳಗ ಶಾಬಾದಿ ಕಲ್ಲೋ, ಸೆಗಣಿ ಸಾರಿಸಿದ ನೆಲಾನೋ, ಎಲ್ಲಾ ಲೆಕ್ಕ ಹಾಕಿ, ಆ ಗಡಿಗಿ ಖರೇವಂದ್ರ ಹೆಂಗ ಒಡೀತಿತ್ತೋ ಹಂಗ ಸದ್ದು ಮಾಡ್ತೈತಿ. ಕೇಳು!"

ಪರದೆಯ ಮೇಲೆ ಒಂದು ಗಡಿಗೆಯ ಚಿತ್ರ ಬಿತ್ತು. ಫಡಾರ್! ಚೂರುಗಳು ಉರುಳಿದ್ದು, ಒಂದು ಚೂರು ಮೂಲೆಗೆ ಹೋಗಿ ಗಿರಗಿರ ತಿರುಗಿ ನಿಂತದ್ದು ಎಲ್ಲ ಕೇಳಿಸಿತು. ಗೋಡೆಯ ಆಚೆಯಿಂದ ನನ್ನ ಹೆಂಡತಿ ನೀಲವ್ವ ಚೀರಿದಳು.

"ಯಾರದು ನನ್ನ ಉಪ್ಪಿನಕಾಯಿ ಭರಣಿ ಒಡೆದವ್ರು?"

ಮುರಿಗೆಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಕ್ಯಾಮೆರಾವನ್ನು ನನ್ನ ಬೋಳುತಲೆಯತ್ತ ತಿರುಗಿಸಿದ. ಪರದೆಯ ಮೇಲೆ ನನ್ನ ತಲೆ ಮೂಡಿತು, ಎಲ್ಲಿಂದಲೋ ಒಂದು ಕೋಲು ಬಂದು ಅದಕ್ಕೆ ತಟ್ಟಿತು. ಖಾಲಿ ಎಣ್ಣೆ ಡಬ್ಬಿ ಬಡಿದ ಸದ್ದು!

"ನಿನ್ನ ಯಂತ್ರ ಕೆಟ್ಟೈತಿ" ಎಂದೆ.

"ಒಳಗ ಏನೈತಿ, ಏನಿಲ್ಲ ಅಂತ ಲೆಕ್ಕ ಹಾಕೇ ಸದ್ದು ಮಾಡ್ತೈತಪಾ!"

ನಾನು ಎದ್ದು ಹೊರಟೆ. ಹೊರಡುವವನನ್ನು ಅವನು ಕೈಹಿಡಿದು ನಿಲ್ಲಿಸಿದ. ಮುಖದಲ್ಲಿ ನಗು ಇರಲಿಲ್ಲ.

"ನಿಲ್ಲೋ ಪರಪ್ಪಾ. ಹತ್ತು ದಿನ ಬಿಟ್ಟು, ಸೋಮವಾರ, ಒಂದು ಕಾರ್ಟೂನ್ ಕಂಪನಿಯಾಕೆ ಈ ಯಂತ್ರ ನೋಡಾಕ ಬರ್ತಾಳ. ಅವರ ಸಿನಿಮಾದಾಗ ಒಂದು ನೇಕಾರ ಓಣಿ ಐತಂತ. ಆದ್ರ ಅಕಿ ಒಪ್ಪಲಿ ಬಿಡ್ಲಿ, ನನಗ ಅವ್ವ ಒಪ್ಪಬೇಕು."

ಅವ್ವ ಎಂದರೆ ಬನಶಂಕರವ್ವ. ಎಂಬತ್ತನಾಲ್ಕು ವರ್ಷ, ಹದಿನಾರು ಹಲ್ಲು, ನಾಲಿಗೆ ಮಾತ್ರ ಮೊನ್ನೆ ಸಾಣೆ ಹಿಡಿಸಿದಂತಿದೆ. ಯಂತ್ರ ನಿಂತಿದ್ದ ಆ ಕೋಣೆಯಲ್ಲೇ ಅವಳ ಗಂಡ ಹುಚ್ಚೀರಪ್ಪ ಕಾಕಾನ ಗುಂಡಿಮಗ್ಗ ಇತ್ತು. ಕಾಕಾ ಹೋದ ಮೂರನೇ ತಿಂಗಳು ಮುರಿಗೆಪ್ಪ ಮಗ್ಗ ಬಿಚ್ಚಿ, ಗುಂಡಿಗೆ ಸಿಮೆಂಟು ತುಂಬಿ, ಅದೇ ಕಟ್ಟಿಗೆಯಿಂದ ತನ್ನ ಸಾಮಾನಿಗೆ ಕಪಾಟು ಮಾಡಿಸಿಕೊಂಡ. ಅವ್ವನನ್ನು ಒಂದು ಮಾತು ಕೇಳಲಿಲ್ಲ. ಅವಳು ಜಗಳವನ್ನೂ ಆಡಲಿಲ್ಲ, ಆದರೆ ಅಂದಿನಿಂದ ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ಹನ್ನೊಂದು ವರ್ಷ! ಊಟ, ನಿದ್ದೆ, ಬೈಗುಳ ಎಲ್ಲ ಪಡಸಾಲೆಯಲ್ಲೇ.

"ಅಪ್ಪನ ಮಗ್ಗದ ಸದ್ದು ಕೇಳಿದ್ರ ಒಳಗ ಬಂದಾಳು" ಎಂದ ಮುರಿಗೆಪ್ಪ.

ಹಳೆಯ ಫೋಟೊ ನೋಡಿ, ಕಪಾಟಿನ ಹಲಗೆ ಅಳೆದು ಅವನು ಕಂಪ್ಯೂಟರಿನೊಳಗೆ ಒಂದು ಮಗ್ಗ ಕಟ್ಟಿದ್ದ. ಬಟನ್ ಒತ್ತಿದ. ಖಟ್-ಪಟ್, ಖಟ್-ಪಟ್! ನೂಲು ಹೊತ್ತ ಲಾಳಿ ಅತ್ತಿಂದಿತ್ತ ಓಡಿದ್ದು ಕಣ್ಣಿಗೆ ಕಟ್ಟಿತು. ಇಬ್ಬರೂ ಪಡಸಾಲೆಗೆ ಇಣುಕಿದೆವು.

ಬನಶಂಕರವ್ವ ಶೇಂಗಾ ಸುಲಿಯುತ್ತಿದ್ದಳು. "ಯಾರಪಾ ಇವ? ನಿಮ್ಮಪ್ಪಂದಲ್ಲ ಇದು."

ಮರುದಿನ ಕಟ್ಟಿಗೆ ಬದಲಾಯಿತು. "ಇದು ಸಾಹುಕಾರ್ರ ಮಗ್ಗ."

ಅದರ ಮರುದಿನ ನೇಯುವವನ ಕಾಲಿನ ತೂಕ ಬದಲಾಯಿತು. "ಇವ ಕುಡ್ದಾನ."

ನಾಲ್ಕನೇ ದಿನ ಮುರಿಗೆಪ್ಪ ಎಲ್ಲ ಲೆಕ್ಕ ತಿದ್ದಿ, ಗಡಿಯಾರದಂತೆ ನೇಯಿಸಿದ. ಅವ್ವ ತುಸು ಹೊತ್ತು ಕಿವಿಗೊಟ್ಟು ಕೇಳಿದಳು.

"ನಿಮ್ಮಪ್ಪ ಇಷ್ಟು ಚಲೋ ನೇಯ್ತಿದ್ದಿಲ್ಲ" ಎಂದಳು.

ಮುರಿಗೆಪ್ಪ ತಲೆಯ ಮೇಲೆ ಕೈಹೊತ್ತು ಕೂತ. ನೋಡಲಾರದೆ ನಾನೇ ಬಾಯಿ ಹಾಕಿದೆ. ಆ ಬಾಯಿಗೆ ಬೀಗ ಬೀಳಬೇಕಿತ್ತು!

"ಅಲ್ಲೋ, ನಮ್ಮ ಓಣ್ಯಾಗ ಒಂದ ಮಗ್ಗ ಎಂದಾದ್ರೂ ಒಬ್ಬಂಟಿ ಕೇಳಿಸೇತೇನು? ಎಲ್ಲಾರ ಮಗ್ಗ ಕೂಡಿದ್ರ ನಿಮ್ಮಪ್ಪಂದು ಅದರಾಗ ಕೇಳತೈತಿ."

ಮುರಿಗೆಪ್ಪ ಟೇಪು ಹಿಡಿದು ಮನೆಮನೆ ಹೊಕ್ಕ. ಎಲ್ಲಿ ಮಗ್ಗ ಇತ್ತು, ಗೋಡೆ ಯಾವುದು, ಕಿಟಕಿ ಎಲ್ಲಿ, ಎಲ್ಲವನ್ನೂ ಬರೆದುಕೊಂಡ. ಎಂಟೂ ಸ್ಪೀಕರು ಮಾಳಿಗೆ ಏರಿದವು. ಗುರುವಾರ ಬೆಳಿಗ್ಗೆ ಏಳು ಗಂಟೆಗೆ, ನಲವತ್ತೆರಡು ಮಗ್ಗಗಳು ಒಮ್ಮೆಗೇ ನೇಯತೊಡಗಿದವು.

ಏನು ಹೇಳಲಿ! ಕೈಯಲ್ಲಿದ್ದ ಚಹಾ ಆರಿಹೋಯಿತು, ನಾನು ಕುಡಿಯಲಿಲ್ಲ. ನಾನು ಹೊಸದಾಗಿ ನೌಕರಿಗೆ ಸೇರಿದಾಗ ಈ ಓಣಿಯಲ್ಲಿ ಕಣ್ಣು ಮುಚ್ಚಿ ಟಪಾಲು ಹಂಚಬಹುದಿತ್ತು. ಸದ್ದು ಕೇಳಿದರೆ ಸಾಕು, ಇದು ಯಾರ ಮನೆ, ಒಳಗೆ ಅಪ್ಪ ಕೂತಿದ್ದಾನೋ ಮಗ ಕೂತಿದ್ದಾನೋ, ಹೆಂಡತಿಯ ಮೇಲೆ ಸಿಟ್ಟಾಗಿದ್ದಾನೋ ಎಲ್ಲ ತಿಳಿಯುತ್ತಿತ್ತು. ಮನೆಮನೆಯಲ್ಲೂ ಕುಪ್ಪಸದ ಖಣ ನೇಯುತ್ತಿದ್ದ ಕಾಲ ಅದು. ಆಮೇಲೆ ಒಂದೊಂದೇ ನಿಂತವು. ಯಾವುದು ಕೊನೆಯದು, ಎಂದು ನಿಂತಿತು ಎಂದು ನಮಗೆ ಯಾರಿಗೂ ನೆನಪಿಲ್ಲ. ಅದಕ್ಕೇ ಆ ಬೆಳಿಗ್ಗೆ ನನಗೆ ಅಳು ಬಂತು. ನೀಲವ್ವ ಕಣ್ಣಿಗೆ ಸೆರಗು ಹಚ್ಚಿಕೊಂಡು, "ಒಗ್ಗರಣಿ ಘಾಟು" ಎಂದಳು. ಒಲೆ ಇನ್ನೂ ಹೊತ್ತಿಸಿರಲಿಲ್ಲ.

ಕಟ್ಟೆಯ ಮೇಲೆ ಕೂತ ಮುದುಕರ ಕಾಲುಗಳು ತಮ್ಮಷ್ಟಕ್ಕೆ ನೆಲ ತುಳಿಯತೊಡಗಿದವು. ಓಣಿಯ ಜನ ಮತ್ತೆ ಗಂಟಲು ಹರಿಯುವಂತೆ ಮಾತಾಡತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಜಗಳವೂ ಶುರುವಾಯಿತು!

"ಮಾಸ್ತರ, ನಮ್ಮ ಮಗ್ಗದ ಸದ್ದು ಕಡಿಮಿ ಇಟ್ಟೀರಿ!"

"ಬಾಜೂಕಿನವಂದು ನಮಗಿಂತ ಜೋರು ಐತಿ! ಅವ ಎಂದು ನೇಯ್ದಿದ್ದ? ಬರೇ ಎಲಿಅಡಿಕಿ ಹಾಕ್ಕೊಂಡು ಕೂಡ್ತಿದ್ದ!"

ಒಬ್ಬೊಬ್ಬರನ್ನೂ ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಮುರಿಗೆಪ್ಪನ ಗಂಟಲು ಬಿದ್ದಿತು. ಬನಶಂಕರವ್ವ ಮಾತ್ರ ಪಡಸಾಲೆ ಬಿಟ್ಟು ಏಳಲಿಲ್ಲ. "ಎಲ್ಲಾರೂ ಬಂದಾರ, ಒಬ್ಬರು ಬಂದಿಲ್ಲ" ಎಂದಷ್ಟೇ ಅಂದಳು.

ಶನಿವಾರ ಸಂಜೆ ನಾನೂ ಹೋದೆ. "ಮುರಿಗೆಪ್ಪಾ, ನಮ್ಮ ಸೋದರಮಾವನ ಮಗ್ಗ ಬಿಟ್ಟೀಯಲ್ಲೋ?"

"ಯಂತ್ರ ಬಿಸಿ ಆಗೈತಿ, ಇನ್ನ ಒಂದೂ ಹಿಡಿಯಂಗಿಲ್ಲ."

"ಊರಾಗಿನ ಎಲಿಅಡಿಕಿ ತಿನ್ನೋರ್ದು ಹಿಡೀತೈತಿ, ನಮ್ಮ ಮಾವಂದು ಹಿಡಿಯಂಗಿಲ್ಲ? ಗೋಡಿ ಹಂಚಿಕೊಂಡವ ನಾನು!"

ಅವನು ಹಲ್ಲು ಕಡಿದು ನಲವತ್ತಮೂರನೆಯ ಮಗ್ಗ ಸೇರಿಸಿದ. ಮಾವನ ಮಗ್ಗ ಮೂರೇ ಮೂರು ಸಲ ಖಟ್ ಎಂದಿತು. ಪೆಟ್ಟಿಗೆಯ ಹಿಂದಿನಿಂದ ಹೊಗೆ ಬಂತು, ಫ್ಯೂಸು ಹಾರಿತು, ಇಡೀ ಓಣಿ ಒಮ್ಮೆಗೇ ಮೌನವಾಯಿತು.

ಈಗ ನಮ್ಮ ಓಣಿಯ ಪದ್ಧತಿ ಹೇಳಬೇಕು. ಇಲ್ಲಿ ಯಾರಾದರೂ ತೀರಿಕೊಂಡರೆ ಹೋಗಿ ಸುದ್ದಿ ಹೇಳುವ ರೂಢಿ ಇರಲಿಲ್ಲ. ಆ ಮನೆಯ ಮಗ್ಗ ನಿಲ್ಲುತ್ತಿತ್ತು, ಅದನ್ನು ಕೇಳಿ ಪಕ್ಕದ್ದು, ಅದನ್ನು ಕೇಳಿ ಮುಂದಿನದು. ಗಳಿಗೆಯಲ್ಲಿ ಓಣಿಯೆಲ್ಲ ನಿಶ್ಶಬ್ದ. ಪ್ರತಿ ಮನೆಯವರೂ ಒಂದೊಂದು ಲಡಿ ನೂಲು ತಂದು ಸತ್ತವರ ತಲೆದೆಸೆಗೆ ಇಡಬೇಕು. ಸದ್ದು ಯಂತ್ರದ್ದು ಎಂದು ಎಲ್ಲರಿಗೂ ಗೊತ್ತಿತ್ತು. ತಲೆಗೆ ಗೊತ್ತಿದ್ದರೆ ಸಾಕೇ, ಕಾಲಿಗೆ ಗೊತ್ತಾಗಬೇಡವೇ! ಬಾಗಿಲುಗಳು ದಡದಡ ತೆರೆದವು.

"ಯಾರು ಹೋದ್ರು? ಯಾರು ಹೋದ್ರು?"

ಓಣಿಯಲ್ಲಿ ಎಲ್ಲರಿಗಿಂತ ಹಿರಿಯರು ಯಾರು? ಬನಶಂಕರವ್ವ. ಸದ್ದು ನಿಂತದ್ದು ಯಾರ ಮನೆಯಿಂದ? ಬನಶಂಕರವ್ವನ ಮನೆಯಿಂದ. ಇನ್ನು ಕೇಳುವುದೇನಿದೆ! ಹತ್ತು ನಿಮಿಷದಲ್ಲಿ ಅಂಗಳ ತುಂಬಿತು. ನೂಲಿನ ಲಡಿ ಈಗ ಯಾರ ಮನೆಯಲ್ಲಿದೆ? ಒಬ್ಬರು ಹೊಲಿಗೆ ಯಂತ್ರದ ರೀಲು ತಂದರು, ಒಬ್ಬರು ಗಾಳಿಪಟದ ದಾರ, ನನ್ನ ನೀಲವ್ವ ನನ್ನ ಸ್ವೆಟರಿನ ಅರ್ಧ ತೋಳು ಬಿಚ್ಚಿಕೊಂಡು ಬಂದಳು. ಭಜನೆಯವರು ತಾಳ ಸಮೇತ ಹಾಜರ್!

ಬನಶಂಕರವ್ವ ಪಡಸಾಲೆಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಳು. "ಯಾರು ಹೋದ್ರವಾ?"

ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸರಿದರು. ಕೊನೆಗೆ ನೀಲವ್ವ ಅಂದಳು, "ನೀವ, ಅತ್ತಿ."

"ಹೌದಾ? ಊಟ ಮುಗಿಸಿ ಹೋಗ್ತೀನಿ, ತಡೀರಿ."

ಬಂದವರು ಹಾಗೇ ಹಿಂದಿರುಗುವುದು ಹೇಗೆ? ಕೂತರು. ಕೂತ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಹಳೆಯದೆಲ್ಲ ಹೊರಬಂತು. ಯಾರ ಮದುವೆಗೆ ಯಾರು ಖಣ ನೇಯ್ದರು, ಯಾರ ಖಣದ ಬಣ್ಣ ಬಿಟ್ಟು ಮದುಮಗಳ ಬೆನ್ನು ಹಸಿರಾಯಿತು, ಹೀಗೆ. ಎಲ್ಲರೂ ಹುಚ್ಚೀರಪ್ಪನನ್ನು ಹೊಗಳಿದರು. ಫ್ಯೂಸು ಸುಟ್ಟ ತಪ್ಪು ನನ್ನ ಮೇಲೆ ಇತ್ತಲ್ಲ, ಅದರ ಸಿಟ್ಟಿಗೆ ನಾನು ಮಾತ್ರ ದೂರಿದೆ.

"ಕಾಕಾ ಭಾಳ ಒಳ್ಳೆಯವ, ಒಪ್ತೀನಿ. ಆದ್ರ ಗಳಿಗೆಗೊಮ್ಮೆ ಲಾಳಿ ತಗೊಂಡು ನಮ್ಮ ಗೋಡಿಗೇ ಟಕ್ ಟಕ್ ಅಂತ ಎರಡು ಸಲ ಬಡೀತಿದ್ದ! ಗೋಡಿಗಿ ತಲಿ ಹಚ್ಚಿ ಮಲಗಿದವ ನಾನು. ನನ್ನ ಅರ್ಧ ಬುದ್ಧಿ ಹೋಗಿದ್ದ ಅದರಿಂದ."

"ಸುಮ್ನಿರ್ರಿ, ಎಂಥಾ ಹೊತ್ತಿನಾಗ ಎಂಥಾ ಮಾತು!" ನೀಲವ್ವ ಚಿವುಟಿದಳು.

ಬನಶಂಕರವ್ವನ ಕೈಯ ರೊಟ್ಟಿ ಅಲ್ಲೇ ನಿಂತಿತು.

"ನೂಲು ಮುಗಿದಾಗ ಬಡೀತಿದ್ರು" ಎಂದಳು ಮೆಲ್ಲಗೆ. "ನಾ ಇಲ್ಲೆ ಪಡಸಾಲ್ಯಾಗ ರಾಟಿ ತಿರುವಿ ಕಂಡಿಕಿ ಸುತ್ತತಿದ್ದೆ. ಮಗ್ಗದ ಗದ್ದಲದಾಗ ಕೂಗಿದ್ರ ಕೇಳತಿದ್ದಿಲ್ಲ. ಮತ್ತ ಅವರು ನನ್ನ ಹೆಸರು ಹಿಡಿದು ಎಂದು ಕರದಾರ? ಐವತ್ತೊಂದು ವರ್ಷ ಆ ಎರಡು ಬಡಿತಾನ ನನ್ನ ಹೆಸರಾಗಿತ್ತಪಾ."

ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಬೆರಳುದ್ದದ ಕೊಳವೆ. ಮುರಿಗೆಪ್ಪ ಕಟ್ಟಿಗೆ ಲೆಕ್ಕ ಹಾಕಿದ್ದ, ಗೋಡೆ, ಗಾಳಿ, ಕಾಲಿನ ತೂಕ ಎಲ್ಲ ಲೆಕ್ಕ ಹಾಕಿದ್ದ. ಅವನ ಮಗ್ಗದಲ್ಲಿ ನೂಲು ಮುಗಿಯುತ್ತಲೇ ಇರಲಿಲ್ಲ. ಹಾಗಾಗಿ ಅವ್ವನನ್ನು ಯಾರೂ ಕರೆಯಲೇ ಇಲ್ಲ.

ಅವನು ಎದ್ದು ಯಂತ್ರದ ಕೋಣೆಗೆ ಹೋದ.

ಭಾನುವಾರ ಮಧ್ಯಾಹ್ನ ಹೊಸ ಫ್ಯೂಸು ಬಂತು, ಸ್ಪೀಕರುಗಳು ಮಾಳಿಗೆಯಿಂದ ಕೋಣೆಗೆ ಇಳಿದವು. ಈ ಸಲ ಒಂದೇ ಮಗ್ಗ. ಖಟ್-ಪಟ್, ಖಟ್-ಪಟ್. ಬನಶಂಕರವ್ವ ಪಡಸಾಲೆಯಲ್ಲಿದ್ದಳು. ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದ ರಾಟಿ ಹೊರಬಂದಿತ್ತು, ತನ್ನದೇ ಸಾವಿಗೆ ಬಂದ ನೂಲನ್ನು ಕೆಡಿಸಬಾರದೆಂದು ಕಂಡಿಕೆಗೆ ಸುತ್ತುತ್ತಿದ್ದಳು. ಮಗ್ಗ ನಿಧಾನವಾಯಿತು. ನಿಂತಿತು.

ಟಕ್ ಟಕ್.

"ಬಂದೆ ಬಂದೆ, ಏನು ಅವಸರ ನಿಮ್ದು!"

ಎದ್ದೇಬಿಟ್ಟಳು! ಕೈಯಲ್ಲಿ ನನ್ನ ಸ್ವೆಟರಿನ ನೀಲಿ ಉಣ್ಣೆಯ ಕಂಡಿಕೆ ಹಿಡಿದು ಹೊಸ್ತಿಲು ದಾಟಿ ನಡೆದಳು. ಮಗ್ಗ ಇದ್ದ ಜಾಗದಲ್ಲಿ ಪೆಟ್ಟಿಗೆ ನೋಡಿ ಒಂದು ಕ್ಷಣ ತಡೆದಳು. ಆಮೇಲೆ ಕಪಾಟಿನ ಹಲಗೆಯನ್ನು ಕೈಯಿಂದ ಸವರಿ, "ಇಲ್ಲೆ ಅದಾರೇನು ಮತ್ತ" ಎಂದು ಕಂಡಿಕೆಯನ್ನು ಕ್ಯಾಮೆರಾದ ಮುಂದೆ ಹಿಡಿದಳು. ಯಂತ್ರ ಮತ್ತೆ ನೇಯತೊಡಗಿತು. ಮುರಿಗೆಪ್ಪ ಅವಳ ಕಾಲ ಬಳಿ ಕೂತು ಸಣ್ಣ ಹುಡುಗನಂತೆ ಅತ್ತ. ನಾನೂ ಅತ್ತೆ, ಸ್ವೆಟರಿಗಾಗಿ ಅಲ್ಲ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅದು ಮುರಿಗೆಪ್ಪನ ಯಂತ್ರ!

ಸೋಮವಾರ ಕಂಪನಿಯ ಮಾನಸಿ ಎಂಬಾಕೆ ಬಂದಳು. ಮೈಸೂರು ಕಡೆಯವಳು. ಮುರಿಗೆಪ್ಪ ಕಾರ್ಟೂನು ಸಿಂಹವನ್ನು ಗರ್ಜಿಸಲು ಬಿಟ್ಟ. ಎದೆ ನಡುಗುವ ಗರ್ಜನೆ! ಅರ್ಧದಲ್ಲೇ ನಿಂತಿತು. ಟಕ್ ಟಕ್.

"ಸಾರ್, ಸಿಂಹ ಬಾಗಿಲು ತಟ್ತಾ ಇದೆಯಾ?"

ಮುರಿಗೆಪ್ಪ ಬೆವೆತು ಮಳೆ ಸುರಿಸಿದ. ಮಳೆ ಕಾಲು ತಾಸು ಸುರಿದು ನಿಂತಿತು. ಟಕ್ ಟಕ್. ಸಮುದ್ರ ತಂದ, ಅಲೆ ಎದ್ದು ಅಲ್ಲೇ ನಿಂತಿತು. ಟಕ್ ಟಕ್! ನೂಲು ಮುಗಿದರೆ ನಿಲ್ಲಬೇಕೆಂಬ ನಿಯಮವನ್ನು ಅವನು ಅವಸರದಲ್ಲಿ ಮಗ್ಗಕ್ಕಷ್ಟೇ ಅಲ್ಲ, ಯಂತ್ರದೊಳಗಿನ ಇಡೀ ಜಗತ್ತಿಗೇ ಹಾಕಿಬಿಟ್ಟಿದ್ದ. ಪ್ರತಿ ಸಲವೂ ಬನಶಂಕರವ್ವ ಒಳಗೆ ಬಂದು ಕಂಡಿಕೆ ತೋರಿಸಿದ ಮೇಲೆಯೇ ಸಿಂಹ ಉಳಿದ ಗರ್ಜನೆ ಮುಗಿಸಿತು.

"ಇದನ್ನ ಸರಿ ಮಾಡೋಕೆ ಆಗಲ್ವಾ ಸಾರ್?" ಮಾನಸಿ ಕೇಳಿದಳು.

"ಒಂದು ಸಾಲು ಅಳಿಸಿದ್ರ ಆತು" ಎಂದ ಮುರಿಗೆಪ್ಪ. ಅವ್ವನ ಕಡೆ ನೋಡಿದ. "ಆದ್ರ ಅಳಸಂಗಿಲ್ಲ ಬಿಡ್ರಿ. ಅಳಸಿದ್ರ ಅಕಿ ಮತ್ತ ಹೊರಗ ಕೂಡ್ತಾಳ."

ಮಾನಸಿ ಅಜ್ಜಿಯ ಪಕ್ಕ ಕೂತು ರಾಟಿ ತಿರುಗಿಸುವುದು ಹೇಗೆಂದು ಕೇಳಿದಳು. ಅವರ ಸಿನಿಮಾದ ಸದ್ದೆಲ್ಲ ಈಗ ನಮ್ಮ ಓಣಿಯಲ್ಲೇ ತಯಾರಾಗುತ್ತಿದೆ. ಗೋಡೆಯಾಚೆ ಆನೆ ಘೀಳಿಡುತ್ತದೆ, ಕಾಡು ಹೊತ್ತಿ ಉರಿಯುತ್ತದೆ, ಪ್ರಳಯವಾಗುತ್ತದೆ, ನಡುವೆ ಟಕ್ ಟಕ್ ಎನ್ನುತ್ತದೆ. ಪ್ರಳಯವನ್ನು ಹಾಗೇ ಕಾಯಲು ಬಿಟ್ಟು ಬನಶಂಕರವ್ವ ಸೆರಗು ಸರಿಪಡಿಸಿಕೊಂಡು ಎದ್ದು ಹೋಗುತ್ತಾಳೆ.

ಒಟ್ಟಿನಲ್ಲಿ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ಹೊಸ ಕೆಲಸ ಸಿಕ್ಕಿದೆ, ಯಜಮಾನ ಮಾತ್ರ ಹಳೆಯವನೇ.